ಆಸ್ಪತ್ರೆಗೆ ಅಂತ ಎತ್ತಿಟ್ಟ ದುಡ್ಡು

2025ರ ಜೂನ್ 6, ಶುಕ್ರವಾರ. ಬೆಳಗ್ಗೆ ಹತ್ತಕ್ಕೆ ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ ಮಾತು ಶುರು ಮಾಡಿದರು. ರೆಪೋ ದರ ಶೇ. 6ರಿಂದ ಶೇ. 5.5ಕ್ಕೆ ಇಳಿಯಿತು. ನಿಮಿಷದೊಳಗೆ ನಮ್ಮ ಪರದೆ ಮೇಲೆ ದಪ್ಪಕ್ಷರ ಬಂತು: ‘ಸಾಲಗಾರರಿಗೆ ಬಂಪರ್!’ ಮನೆ ಸಾಲ ಎಷ್ಟಿದ್ದರೆ ಇಎಂಐ ಎಷ್ಟು ಕಡಿಮೆಯಾಗುತ್ತೆ ಅನ್ನೋ ಪಟ್ಟಿ ರೆಡಿ ಇತ್ತು. ನಾನೂ ಉತ್ಸಾಹದಿಂದಲೇ ಓದಿದೆ. ಓದಲೇಬೇಕಲ್ಲ, ನನಗೂ ಮನೆ ಸಾಲ ಇದೆ.

ಬುಲೆಟಿನ್ ಮುಗಿದ ಮೇಲೆ ಒಂದು ಫೋನ್ ಬಂತು. ಪಿಂಚಣಿ ಇಲ್ಲದ ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. “ಅಲ್ಲಪ್ಪಾ, ಅಷ್ಟು ಖುಷಿಯಿಂದ ಸುದ್ದಿ ಓದಿದೆಯಲ್ಲ, ನನಗೊಂದು ಲೆಕ್ಕ ಹೇಳು” ಅಂದರು. ಹತ್ತು ಲಕ್ಷ ರೂಪಾಯಿ ಎಫ್‌ಡಿ ಇದೆ, ಮುಂದಿನ ತಿಂಗಳು ರಿನ್ಯೂವಲ್. ಹೆಂಡತಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ತಾಲೂಕು ಆಸ್ಪತ್ರೆಯಲ್ಲಿ ಅದೇನೋ ಪುಕ್ಕಟೆ ಆಗುತ್ತೆ. ಆದರೆ ಇಂಜೆಕ್ಷನ್, ರಕ್ತ ಪರೀಕ್ಷೆ, ಹೋಗಿ ಬರೋ ಆಟೋ, ಇದಕ್ಕೆಲ್ಲ ಬಡ್ಡಿ ದುಡ್ಡೇ ಗತಿ. “ಶೇ. 7 ಇದ್ದದ್ದು 6 ಆದರೆ ವರ್ಷಕ್ಕೆ ಹತ್ತು ಸಾವಿರ ಹೋಯ್ತು. ಇದು ಬಂಪರಾ?”

ಉತ್ತರ ನನ್ನ ಬಳಿ ಇರಲಿಲ್ಲ. ಇಂಜಿನಿಯರಿಂಗ್ ಓದಿದವನಿಗೆ ಶೇಕಡಾವಾರು ಲೆಕ್ಕ ಬರುತ್ತೆ. ಆದರೆ ಮೇಷ್ಟ್ರು ಕೇಳಿದ್ದು ಶೇಕಡಾವಾರು ಅಲ್ಲ. ಒಂದು ಮನೆ ದುಡ್ಡು ಉಳಿಸೋದು ಯಾಕೆ, ಆ ದುಡ್ಡಿನ ಕಾವಲುಗಾರ ಯಾರು ಅನ್ನೋ ಪ್ರಶ್ನೆ ಅದು. ಆ ಪ್ರಶ್ನೆಗೆ ಒಂದು ಇತಿಹಾಸ ಇದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಉಡುಪಿಯಲ್ಲೇ.

1925ನೇ ಇಸವಿ. ಕರಾವಳಿಯ ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಕ್ಕಿದ್ದರು. ಆಗ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಮೂವರೂ ಸೇರಿ ಒಂದು ಸಂಸ್ಥೆ ಕಟ್ಟಿದರು. ಹೆಸರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಬಂಡವಾಳ ಎಂಟು ಸಾವಿರ ರೂಪಾಯಿ. ನಾವೆಲ್ಲ ಸಿಂಡಿಕೇಟ್ ಬ್ಯಾಂಕ್ ಅಂತ ಕರೆಯುತ್ತಿದ್ದದ್ದು ಇದನ್ನೇ. ಈ ಮೂವರಲ್ಲಿ ಟಿ.ಎಂ.ಎ. ಪೈ ಯಾರು? ಬ್ಯಾಂಕರ್ ಅಲ್ಲ, ಮದ್ರಾಸಿನಲ್ಲಿ ವೈದ್ಯಕೀಯ ಓದಿ ಬಂದ ಡಾಕ್ಟರು.

1928ರಲ್ಲಿ ಈ ಬ್ಯಾಂಕು ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು. ನೀವು ಬ್ಯಾಂಕಿಗೆ ಹೋಗಬೇಕಿಲ್ಲ, ಬ್ಯಾಂಕಿನ ಏಜೆಂಟೇ ನಿಮ್ಮ ಅಂಗಡಿಗೆ, ನಿಮ್ಮ ಮನೆ ಬಾಗಿಲಿಗೆ ಬರುತ್ತಾನೆ. ಇವತ್ತಿಗೂ ಮಂಗಳೂರು, ಉಡುಪಿ ಕಡೆ ಮಾತ್ರ ಅಲ್ಲ, ಹುಬ್ಬಳ್ಳಿ, ದಾವಣಗೆರೆಯ ಪೇಟೆಗಳಲ್ಲೂ ಸೊಸೈಟಿಗಳ ಪಿಗ್ಮಿ ಕಲೆಕ್ಟರ್ ಬಂದು ನಿಲ್ಲೋದನ್ನ ನೀವು ನೋಡಿರ್ತೀರಿ. ಆ ಪದ್ಧತಿಯ ಹುಟ್ಟು ಇಲ್ಲಿದೆ.

ಇದರ ಒಳಗುಟ್ಟು ಸರಳ. ದಿನಗೂಲಿಯವನಿಗೆ, ಮೀನು ಮಾರುವವಳಿಗೆ, ಬೀಡಾ ಅಂಗಡಿಯವನಿಗೆ ತಿಂಗಳ ಸಂಬಳ ಇಲ್ಲ. ದುಡ್ಡು ಸಂಜೆ ಕೈಗೆ ಬರುತ್ತೆ, ರಾತ್ರಿಯೊಳಗೆ ಖರ್ಚಾಗುತ್ತೆ. ಆ ಎರಡರ ನಡುವಿನ ಹೊತ್ತಿನಲ್ಲಿ ಒಬ್ಬ ಬಂದು ಎರಡಾಣೆ ಇಸಿದುಕೊಂಡು ಪುಸ್ತಕದಲ್ಲಿ ಬರೆದುಕೊಟ್ಟರೆ? ಉಳಿಸುವ ಶಿಸ್ತು ಜನರಿಗೆ ಇಲ್ಲ ಅಂತ ದೊಡ್ಡವರು ಹೇಳುತ್ತಿದ್ದ ಕಾಲದಲ್ಲಿ, ಕೊರತೆ ಇರೋದು ಶಿಸ್ತಿನದ್ದಲ್ಲ, ಉಳಿಸಲು ಭದ್ರವಾದ ಜಾಗದ್ದು ಅಂತ ಪಿಗ್ಮಿ ತೋರಿಸಿಕೊಟ್ಟಿತು.

ಅದೇ ಡಾಕ್ಟರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ಶುರು ಮಾಡಿದರು. ಒಂದು ಕೈಯಲ್ಲಿ ಉಳಿತಾಯ, ಇನ್ನೊಂದು ಕೈಯಲ್ಲಿ ವೈದ್ಯಕೀಯ. ಕಾಕತಾಳೀಯ ಅಂತ ನೀವು ಹೇಳಬಹುದು. ಆದರೆ ಮನೆಗಳ ಮೇಲೆ ಆಮೇಲೆ ನಡೆದ ಅರ್ಥಶಾಸ್ತ್ರದ ಸಂಶೋಧನೆ ನೋಡಿದರೆ ಇವೆರಡೂ ಒಂದೇ ನಾಣ್ಯದ ಎರಡು ಮುಖ ಅನ್ನಿಸುತ್ತೆ.

ಜನ ಯಾಕೆ ಉಳಿಸ್ತಾರೆ? ಬಡ್ಡಿ ಆಸೆಗೆ ಅಂತ ಪಠ್ಯಪುಸ್ತಕದ ಮೊದಲ ಉತ್ತರ. ಆದರೆ ಜಾನ್ ಮೇನಾರ್ಡ್ ಕೇನ್ಸ್ 1936ರಲ್ಲೇ ಉಳಿತಾಯದ ಕಾರಣಗಳ ಪಟ್ಟಿ ಮಾಡುವಾಗ, ಮುಂದೆ ಏನಾದರೂ ಆದರೆ ಇರಲಿ ಅನ್ನೋ ಮುನ್ನೆಚ್ಚರಿಕೆಯನ್ನೂ ಹೇಳಿದ್ದರು. ನಮ್ಮ ಅಜ್ಜಿಯಂದಿರು ಇದನ್ನ ‘ಆಪತ್ತಿಗೆ ಆಗುತ್ತೆ’ ಅಂತಿದ್ದರು. ಸರಿ, ಯಾವ ಆಪತ್ತು? ಮಳೆ ಕೈಕೊಡೋದಾ, ಕೆಲಸ ಹೋಗೋದಾ, ಕಾಯಿಲೆಯಾ?

ಇದಕ್ಕೆ ಉತ್ತರ ಹುಡುಕೋಕೆ ನೆರವಾದದ್ದು ಭಾರತದ ಹಳ್ಳಿಗಳೇ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆ 1970ರ ದಶಕದಲ್ಲಿ ಆಂಧ್ರ, ಮಹಾರಾಷ್ಟ್ರದ ಒಣಭೂಮಿ ಹಳ್ಳಿಗಳ ಮನೆ ಮನೆ ಖರ್ಚು-ವರಮಾನ ವರ್ಷಗಟ್ಟಲೆ ಬರೆದಿಟ್ಟಿತು. ಆ ಪೈಕಿ ಮೂರು ಹಳ್ಳಿಗಳ ಲೆಕ್ಕ ಹಿಡಿದು ರಾಬರ್ಟ್ ಟೌನ್‌ಸೆಂಡ್ 1994ರಲ್ಲಿ ಒಂದು ಪ್ರಬಂಧ ಬರೆದರು. ಒಬ್ಬನ ವರಮಾನ ಬಿದ್ದಾಗಲೂ ಅವನ ಮನೆಯ ಊಟ-ಬಟ್ಟೆ ಅಷ್ಟಾಗಿ ಬೀಳುತ್ತಿರಲಿಲ್ಲ. ಸಾಲ, ನೆಂಟರು, ಕೂಡಿಟ್ಟ ಕಾಳು, ಹೀಗೆ ಏನೋ ಒಂದು ಹಿಡಿದು ನಿಲ್ಲಿಸುತ್ತಿತ್ತು. ಹಳ್ಳಿ ಅನ್ನೋದು ಒಂದು ರೀತಿ ವಿಮಾ ಕಂಪನಿ ಇದ್ದ ಹಾಗೆ ಅಂತ ಅರ್ಥಶಾಸ್ತ್ರಜ್ಞರಿಗೆ ಖುಷಿಯಾಯಿತು.

ಆ ಖುಷಿಗೆ ಮಿತಿ ಹಾಕಿದ್ದು ಕಾಯಿಲೆ. ಇಂಡೊನೇಷ್ಯಾದ ಕುಟುಂಬಗಳನ್ನು ನೋಡಿದ ಪಾಲ್ ಗೆರ್ಟ್ಲರ್ ಮತ್ತು ಜೊನಾಥನ್ ಗ್ರೂಬರ್ 2002ರಲ್ಲಿ ಹೇಳಿದ್ದು ಇದು: ಸಣ್ಣಪುಟ್ಟ ಕಾಯಿಲೆಯನ್ನು ಮನೆ ತಡೆದುಕೊಳ್ಳುತ್ತೆ. ಮೈಯನ್ನೇ ಕೆಲಸಕ್ಕೆ ಬಾರದ ಹಾಗೆ ಮಾಡುವ ದೊಡ್ಡ ಕಾಯಿಲೆ ಬಂದರೆ ತಡೆದುಕೊಳ್ಳೋಕೆ ಆಗಲ್ಲ. ಯಾಕೆ ಅಂತ ಕೇಳಿ. ಮಳೆ ಹೋದರೆ ವರಮಾನ ಹೋಗುತ್ತೆ. ಕಾಯಿಲೆ ಬಂದರೆ ವರಮಾನವೂ ಹೋಗುತ್ತೆ, ಖರ್ಚೂ ಬರುತ್ತೆ. ಎರಡೂ ಕಡೆ ಪೆಟ್ಟು. ಅದೂ ತಿಂಗಳುಗಟ್ಟಲೆ. ನೆಂಟರು ಎಷ್ಟು ದಿನ ಕೊಟ್ಟಾರು?

ಹಿಂದೆ ಐಎಎಸ್ ಅಧಿಕಾರಿಯಾಗಿದ್ದು ಆಮೇಲೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ ಸೇರಿದ ಅನಿರುದ್ಧ್ ಕೃಷ್ಣ ಇದನ್ನೇ ಇನ್ನೊಂದು ದಾರಿಯಲ್ಲಿ ಕಂಡುಕೊಂಡರು. ಊರಿನವರನ್ನೇ ಕೂರಿಸಿ, ಈ ಮನೆ ಮೊದಲು ಹೇಗಿತ್ತು, ಈಗ ಹೇಗಿದೆ, ಯಾಕೆ ಅಂತ ಕೇಳುತ್ತಾ ಹೋದರು. ರಾಜಸ್ಥಾನ, ಗುಜರಾತ್, ಆಂಧ್ರ, ಕರ್ನಾಟಕ, ಭಾರತದ ಆಚೆ ಕೆನ್ಯಾ, ಉಗಾಂಡ, ಪೆರು. ಚೆನ್ನಾಗಿದ್ದ ಮನೆ ಬಡತನಕ್ಕೆ ಜಾರಿದ್ದು ಹೇಗೆ ಅನ್ನೋ ಪ್ರಶ್ನೆಗೆ ಎಲ್ಲ ಕಡೆ ಮತ್ತೆ ಮತ್ತೆ ಬಂದ ಉತ್ತರ ಕಾಯಿಲೆ ಮತ್ತು ಅದರ ಖರ್ಚು. 2010ರಲ್ಲಿ ಬಂದ ಅವರ ಪುಸ್ತಕದ ಹೆಸರಿನ ಅರ್ಥವೇ ಬಡತನಕ್ಕೂ ನಮಗೂ ನಡುವೆ ಒಂದೇ ಒಂದು ಕಾಯಿಲೆಯ ದೂರ ಅಂತ. ಸೋಮಾರಿತನ, ಕುಡಿತ ಅಂತ ಟಿವಿ ಚರ್ಚೆಗಳಲ್ಲಿ ನಾವು ಸಲೀಸಾಗಿ ಹೇಳುವ ಕಾರಣಗಳು ಆ ಪಟ್ಟಿಯಲ್ಲಿ ಬಹಳ ಕೆಳಗೆ ಇದ್ದವು.

ಹಾಗಾದರೆ ಬಡವರು ಕಾಯಿಲೆಗೆ ಅಂತ ಇನ್ನಷ್ಟು ಉಳಿಸಬಾರದಾ? ಇದನ್ನ ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಪಾಸ್ಕಲೀನ್ ದ್ಯುಪಾ ಮತ್ತು ಜೊನಾಥನ್ ರಾಬಿನ್ಸನ್ ಕೆನ್ಯಾದಲ್ಲಿ ಚೀಟಿ ಗುಂಪುಗಳ ಸದಸ್ಯರಿಗೆ ಬೀಗ ಇರುವ ಒಂದು ಲೋಹದ ಡಬ್ಬಿ ಕೊಟ್ಟರು. ಕೆಲವರಿಗೆ ಬೀಗದ ಕೈ ಅವರ ಬಳಿಯೇ. ಇನ್ನು ಕೆಲವರ ಬೀಗದ ಕೈ ಯೋಜನೆಯವರ ಬಳಿ, ಆರೋಗ್ಯದ ಖರ್ಚಿಗೆ ಮಾತ್ರ ತೆಗೆಯಬೇಕು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಬೀಗದ ಕೈ ತಮ್ಮ ಬಳಿಯೇ ಇದ್ದ ಬರೀ ಡಬ್ಬಿಯೇ ಸೊಳ್ಳೆ ಪರದೆಯಂಥ ಮುಂಜಾಗ್ರತೆಯ ಖರ್ಚನ್ನು ಚೆನ್ನಾಗಿ ಹೆಚ್ಚಿಸಿತ್ತು. ಬೀಗದ ಕೈ ಬೇರೆಯವರ ಬಳಿ ಇದ್ದ ಡಬ್ಬಿಯಿಂದ ಆ ಲಾಭ ಸಿಗಲಿಲ್ಲ. ದುಡ್ಡು ಭದ್ರವಾಗಿರಬೇಕು, ಆದರೆ ಕೈಗೆಟಕುವಂತಿರಬೇಕು. ಉಡುಪಿಯ ಪಿಗ್ಮಿ ಪುಸ್ತಕ 1928ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ನಮ್ಮ ಮನೆಗಳ ಸಾಸಿವೆ ಡಬ್ಬಿ ಅದಕ್ಕೂ ಮೊದಲೇ ಹೇಳಿತ್ತು ಬಿಡಿ.

ಅಂದರೆ ಸಾಮಾನ್ಯ ಮನೆಯ ಉಳಿತಾಯ ಅನ್ನೋದು ಬಹುಪಾಲು ಆಸ್ಪತ್ರೆಗೆ ಅಂತ ಎತ್ತಿಟ್ಟ ದುಡ್ಡು. ಭಾರತದ ಸರ್ಕಾರಿ ಸಮೀಕ್ಷೆಯೇ ಇದಕ್ಕೆ ಸಾಕ್ಷಿ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ, ಆಸ್ಪತ್ರೆ ಸೇರಿದಾಗ ದುಡ್ಡು ಎಲ್ಲಿಂದ ತಂದಿರಿ ಅಂತ ಕೇಳಿದ್ದರು. ಹಳ್ಳಿಗಳಲ್ಲಿ ಶೇ. 80ರಷ್ಟು ಮನೆಗಳ ಉತ್ತರ, ವರಮಾನ ಇಲ್ಲವೇ ಉಳಿತಾಯದಿಂದ. ಶೇ. 13ರಷ್ಟು ಮನೆಗಳದ್ದು ಸಾಲ. ಹಳ್ಳಿಯವರು ಖಾಸಗಿ ಆಸ್ಪತ್ರೆಯಲ್ಲಿ ಒಂದು ಸಲ ದಾಖಲಾದರೆ ಸರಾಸರಿ ಖರ್ಚು ಸುಮಾರು 27 ಸಾವಿರ ರೂಪಾಯಿ. ಸರ್ಕಾರಿ ಆಸ್ಪತ್ರೆಯಲ್ಲಿ ಸುಮಾರು 4,300.

ಈಗ ಮೇಷ್ಟ್ರ ಎರಡನೇ ಪ್ರಶ್ನೆಗೆ ಬರೋಣ. ಈ ದುಡ್ಡಿಗೆ ಕಾವಲು ಯಾರು?

1935ರಲ್ಲಿ ಹುಟ್ಟಿದ ರಿಸರ್ವ್ ಬ್ಯಾಂಕ್ ಈ ಕೆಲಸವನ್ನು ಹೇಗೆ ಮಾಡಿತು ನೋಡಿ. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣ ಆಯಿತು. ನಮ್ಮ ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿದ್ದವು. ಹಳ್ಳಿ ಹಳ್ಳಿಗೆ ಬ್ಯಾಂಕ್ ಬಂತು. ಡಬ್ಬಿಯಲ್ಲಿದ್ದ ದುಡ್ಡು ಪಾಸ್‌ಬುಕ್ಕಿಗೆ ಬಂತು. ದೇಶದ ಲೆಕ್ಕದಲ್ಲಿ ಮನೆಗಳೇ ಸಾಲ ಕೊಡೋರು. ಕಂಪನಿಗಳು, ಸರ್ಕಾರ ತಗೊಳ್ಳೋರು. ಬಡ್ಡಿ ಎಷ್ಟು ಅನ್ನೋದನ್ನು ಮೇಲಿಂದಲೇ ನಿಗದಿ ಮಾಡುತ್ತಿದ್ದರು. ಅಷ್ಟರಲ್ಲಿ 1973–74ರ ತೈಲ ಬಿಕ್ಕಟ್ಟು. ಬೆಲೆಗಳು ವರ್ಷಕ್ಕೆ ಶೇ. 20ಕ್ಕೂ ಹೆಚ್ಚು ಏರಿದವು. ಬ್ಯಾಂಕ್ ಬಡ್ಡಿ ಅದರ ಹತ್ತಿರಕ್ಕೂ ಸುಳಿಯಲಿಲ್ಲ. ಪಾಸ್‌ಬುಕ್ಕಿನಲ್ಲಿ ಅಂಕಿ ಬೆಳೆಯುತ್ತಿತ್ತು, ಅದು ಕೊಳ್ಳುವ ಔಷಧಿ ಕಡಿಮೆಯಾಗುತ್ತಿತ್ತು. ಯಾವ ಕಳ್ಳನೂ ಮನೆಗೆ ನುಗ್ಗಿರಲಿಲ್ಲ. ಆದರೂ ಕಳವಾಗಿತ್ತು.

ಇದು ಹಳೇ ಕಥೆ ಅಂದುಕೊಳ್ಳಬೇಡಿ. ಎಸ್‌ಬಿ ಖಾತೆಯ ಬಡ್ಡಿಯನ್ನು 2003ರಲ್ಲಿ ಶೇ. 3.5ಕ್ಕೆ ಇಳಿಸಿದರು. 2011ರ ಮೇ ತಿಂಗಳವರೆಗೆ, ಎಂಟು ವರ್ಷ, ಅದು ಒಂದು ಕೂದಲೂ ಅಲುಗಲಿಲ್ಲ. ಅದೇ ಅವಧಿಯೊಳಗೆ 2009–10ರಲ್ಲಿ ಗ್ರಾಹಕ ಬೆಲೆ ಏರಿಕೆ ಎರಡಂಕಿ ದಾಟಿತ್ತು. ಹತ್ತು ಕಳೆದುಕೊಂಡವನಿಗೆ ಮೂರೂವರೆ ಪರಿಹಾರ. ಎಫ್‌ಡಿ ಮಾಡಿಸಲು ತಿಳಿದವರು ಸ್ವಲ್ಪ ಬಚಾವಾದರು. ಬುದ್ಧಿವಂತರು ಚಿನ್ನ, ಸೈಟು ಅಂತ ಓಡಿದರು. ಆಸ್ಪತ್ರೆಗೆ ಅಂತ ಎಸ್‌ಬಿ ಖಾತೆಯಲ್ಲಿ ಬಿಟ್ಟವರು ನಷ್ಟ ತಿಂದರು. ಆ ಬಡ್ಡಿ ನಿಗದಿಯಿಂದ ಬ್ಯಾಂಕುಗಳಿಗೆ ಬಿಡುಗಡೆ ಸಿಕ್ಕಿದ್ದು 2011ರ ಅಕ್ಟೋಬರ್‌ನಲ್ಲಿ.

ಈ ಪಾಠದಿಂದಲೇ ಹೊಸ ವ್ಯವಸ್ಥೆ ಬಂತು. 2014ರ ಜನವರಿಯಲ್ಲಿ ಊರ್ಜಿತ್ ಪಟೇಲ್ ಸಮಿತಿ ವರದಿ ಕೊಟ್ಟಿತು. 2016ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಗ್ರಾಹಕ ಬೆಲೆ ಏರಿಕೆ ಶೇ. 4ರ ಆಸುಪಾಸು ಇರಬೇಕು, ಎರಡು ಅಂಶ ಆಚೀಚೆ ಆಗಬಹುದು. ಬಡ್ಡಿ ದರ ತೀರ್ಮಾನಿಸಲು ಆರು ಜನರ ಸಮಿತಿ. ಉಳಿತಾಯಗಾರನ ಕಣ್ಣಲ್ಲಿ ನೋಡಿದರೆ ಇದು ದೊಡ್ಡ ಸುಧಾರಣೆ. ದರ ಏರಿದಾಗ ಬೈಯುವ, ಇಳಿದಾಗ ಕುಣಿಯುವ ನಾವು ಇದನ್ನ ಒಮ್ಮೆಯಾದರೂ ಹೇಳಬೇಕು.

ಆದರೆ ಅದೇ 2016ರ ನವೆಂಬರ್ 8ರ ರಾತ್ರಿ ಚಲಾವಣೆಯಲ್ಲಿದ್ದ ಹಣದ ಶೇ. 86ರಷ್ಟು ಮೌಲ್ಯದ ನೋಟು ರದ್ದಾಯಿತು. ಸಾಸಿವೆ ಡಬ್ಬಿಗಳೆಲ್ಲ ಒಂದೇ ವಾರದಲ್ಲಿ ಬ್ಯಾಂಕಿನ ಕ್ಯೂಗೆ ಬಂದು ನಿಂತವು. ಆಗಿನ ಒಂದು ನಿಯಮ ನೆನಪಿದೆಯಾ? ಸರ್ಕಾರಿ ಆಸ್ಪತ್ರೆಯಲ್ಲಿ ಕೆಲವು ದಿನ ಹಳೇ ನೋಟು ನಡೆಯುತ್ತಿತ್ತು. ಖಾಸಗಿ ಆಸ್ಪತ್ರೆಗೆ ಆ ವಿನಾಯಿತಿ ಇರಲಿಲ್ಲ. ಜನ ಆಪತ್ತಿಗೆ ಅಂತ ಇಟ್ಟ ದುಡ್ಡು ಆಪತ್ತಿನ ದಿನವೇ ಬರೀ ಕಾಗದವಾಗಿತ್ತು.

ಆಮೇಲೆ ಬಂದದ್ದು ಕೋವಿಡ್. 2020ರ ಮೇ 22ಕ್ಕೆ ರೆಪೋ ದರ ಶೇ. 4ಕ್ಕೆ ಇಳಿಯಿತು, 2022ರ ಮೇವರೆಗೆ ಅಲ್ಲೇ ಇತ್ತು. ಅಂಗಡಿ, ಕಾರ್ಖಾನೆ ಬಾಗಿಲು ಹಾಕಿದ್ದಾಗ ಸಾಲ ಅಗ್ಗ ಮಾಡದೆ ಬೇರೆ ದಾರಿ ಇರಲಿಲ್ಲ, ಒಪ್ಪೋಣ. ಆದರೆ 2020–21ರಲ್ಲಿ ಸರಾಸರಿ ಬೆಲೆ ಏರಿಕೆ ಶೇ. 6.2. ಉದಾಹರಣೆಗೆ ಐದು ಲಕ್ಷಕ್ಕೆ ಶೇ. 5.4 ಬಡ್ಡಿ ಸಿಕ್ಕಿತು ಅಂದುಕೊಳ್ಳಿ. ವರ್ಷದ ಕೊನೆಗೆ ಕೈಯಲ್ಲಿ 5,27,000. ಅದೇ ಸಾಮಾನು ಕೊಳ್ಳೋಕೆ ಬೇಕಾದದ್ದು 5,31,000. ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗದೆ ಜನ ಉಳಿತಾಯ ಒಡೆಯುತ್ತಿದ್ದ ಆ ವರ್ಷ, ಉಳಿತಾಯ ತಾನೇ ಕರಗುತ್ತಿತ್ತು. ದೇಶವನ್ನು ಉಳಿಸುವ ಔಷಧಿಯ ಬಿಲ್ಲಿನಲ್ಲಿ ಒಂದು ಪಾಲನ್ನು ಠೇವಣಿದಾರರು ಕಟ್ಟಿದರು. ಯಾರೂ ಅವರಿಗೆ ರಸೀದಿ ಕೊಡಲಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಬೆಲೆ ಏರಿಕೆ ಅಂತ ಸಮಿತಿ ನೋಡೋದು ಒಂದು ಸರಾಸರಿ ಬುಟ್ಟಿಯನ್ನು. 2012ನ್ನು ಆಧಾರ ವರ್ಷವಾಗಿ ಇಟ್ಟುಕೊಂಡಿದ್ದ ಸೂಚ್ಯಂಕದಲ್ಲಿ ಆಹಾರ-ಪಾನೀಯದ ತೂಕ ಶೇ. 45.86, ಆರೋಗ್ಯದ ತೂಕ ಶೇ. 5.89. ಸರಾಸರಿ ಮನೆಗೆ ಅದು ಸರಿಯಿರಬಹುದು. ಆದರೆ ಕಾಯಿಲೆ ಸರಾಸರಿಯಲ್ಲಿ ಬರೋದಿಲ್ಲ ಸ್ವಾಮಿ. ಒಂಬತ್ತು ಮನೆ ಬಿಟ್ಟು ಹತ್ತನೇ ಮನೆಗೆ ಪೂರ್ತಿ ಬರುತ್ತೆ. ಮೇಷ್ಟ್ರ ಮನೆಯ ಬುಟ್ಟಿಯಲ್ಲಿ ಆರೋಗ್ಯದ ತೂಕ ಎಷ್ಟು ಅಂತ ಯಾವ ಸೂಚ್ಯಂಕವೂ ಹೇಳೋದಿಲ್ಲ.

ಹಾಗಾದರೆ ರಿಸರ್ವ್ ಬ್ಯಾಂಕ್ ಪ್ರತಿ ರೋಗಿಯ ಮನೆಗೂ ಬೇರೆ ಬೇರೆ ಬಡ್ಡಿ ಕೊಡಬೇಕಾ? ಆಗಲ್ಲ. ಅದರ ಕೈಯಲ್ಲಿರೋದು ಒಂದೇ ನಲ್ಲಿ. ಊರಿಗೆಲ್ಲ ಒಂದೇ ಒತ್ತಡದಲ್ಲಿ ನೀರು. ಹತ್ತನೇ ಮನೆಯನ್ನು ಹಿಡಿದು ನಿಲ್ಲಿಸಬೇಕಾದದ್ದು ಬೇರೆ ಕೈ, ಸರ್ಕಾರದ ಕೈ. ಇಲ್ಲೂ ನಮ್ಮ ಕರ್ನಾಟಕಕ್ಕೆ ಹೇಳಿಕೊಳ್ಳುವ ಇತಿಹಾಸ ಇದೆ.

2002ರಲ್ಲಿ ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆಗಿದ್ದಾಗ ಯಶಸ್ವಿನಿ ಯೋಜನೆ ಘೋಷಣೆಯಾಯಿತು. ಹೃದಯ ತಜ್ಞ ಡಾ. ದೇವಿ ಶೆಟ್ಟಿ ಅವರ ಲೆಕ್ಕಾಚಾರ ಅದರ ಹಿಂದಿತ್ತು. 2003ರ ಜೂನ್‌ನಿಂದ ಸಹಕಾರ ಸಂಘದ ರೈತ ಸದಸ್ಯರು ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆಗೆ ರಕ್ಷಣೆ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ತಿಂಗಳಿಗೆ ಐದು ರೂಪಾಯಿ! ಎರಡಾಣೆಯ ಪಿಗ್ಮಿಯ ಅಣ್ಣತಮ್ಮ ಇದು. ಪಿಗ್ಮಿ ಒಂದೊಂದು ಮನೆಯ ಎರಡಾಣೆಯನ್ನು ಬೇರೆ ಬೇರೆ ಕೂಡಿಸಿತು. ಯಶಸ್ವಿನಿ ಎಲ್ಲ ಮನೆಗಳ ಐದು ರೂಪಾಯಿ ಒಟ್ಟಿಗೆ ಕೂಡಿಸಿ ಹತ್ತನೇ ಮನೆಗೆ ಕೊಟ್ಟಿತು. 2018ರಲ್ಲಿ ಅದನ್ನು ಬೇರೆ ಯೋಜನೆಯೊಳಗೆ ಸೇರಿಸಿ ನಿಲ್ಲಿಸಿದರು, ಆಮೇಲೆ ಮತ್ತೆ ತಂದರು.

2010ರಲ್ಲಿ ಕಲಬುರಗಿ ವಿಭಾಗದಿಂದ ವಾಜಪೇಯಿ ಆರೋಗ್ಯಶ್ರೀ ಶುರುವಾಯಿತು. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗೆ ಉಚಿತ ಚಿಕಿತ್ಸೆ. ಯೋಜನೆ ಬಂದ ಹಳ್ಳಿ, ಇನ್ನೂ ಬಾರದ ಪಕ್ಕದ ಹಳ್ಳಿ, ಹೀಗೆ 572 ಹಳ್ಳಿಗಳ ಸುಮಾರು 60 ಸಾವಿರ ಮನೆಗಳನ್ನು ಹೋಲಿಸಿ ನೀರಜ್ ಸೂದ್ ಮತ್ತು ಸಂಗಡಿಗರು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ನಮ್ಮ ಐಐಎಂ ಬೆಂಗಳೂರಿನ ಅರ್ನಬ್ ಮುಖರ್ಜಿಯೂ ಆ ತಂಡದಲ್ಲಿದ್ದರು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಸಾಯುವವರ ಪ್ರಮಾಣ ಬಡ ಕುಟುಂಬಗಳಲ್ಲಿ ಶೇ. 64ರಷ್ಟು ಕಡಿಮೆ ಇತ್ತು. ಆಸ್ಪತ್ರೆಗೆ ಕೈಯಿಂದ ಹಾಕುವ ಖರ್ಚು ಶೇ. 34ರಷ್ಟು ಕಡಿಮೆ.

ಚಪ್ಪಾಳೆ ಹೊಡೆಯೋ ಮೊದಲು ಇನ್ನೊಂದು ಫಲಿತಾಂಶವನ್ನೂ ಕೇಳಿ. ಚಿಕಾಗೋದ ಅನುಪ್ ಮಲಾನಿ ಮತ್ತು ಸಂಗಡಿಗರು ಕಲಬುರಗಿ, ಮೈಸೂರು ಭಾಗದ ಹತ್ತು ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ ಪರೀಕ್ಷೆ ನಡೆಸಿದರು. ಕಾರ್ಡ್ ಮಾಡಿಸಿಕೊಳ್ಳಲು ಜನ ಮುಂದೆ ಬಂದರು. ಆದರೆ ಬಹಳ ಜನರಿಗೆ ಅದನ್ನು ಬಳಸೋದು ಹೇಗೆ ಅಂತಲೇ ಗೊತ್ತಾಗಲಿಲ್ಲ, ಆರೋಗ್ಯದಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಎರಡೂ ಒಂದೇ ರಾಜ್ಯ! ಆರೋಗ್ಯಶ್ರೀಯಲ್ಲಿ ಹಳ್ಳಿಗೇ ಶಿಬಿರ ಬಂದು ರೋಗಿಯನ್ನು ಗುರುತಿಸಿ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದರು. ಇಲ್ಲಿ ಜನರ ಕೈಗೆ ಕಾರ್ಡ್ ಬಂತು, ದಾರಿ ತೋರಿಸುವವರು ಸಾಲಲಿಲ್ಲ. ಮತ್ತೆ ಅದೇ ಉಡುಪಿಯ ಪಾಠ. ಬ್ಯಾಂಕ್ ಇದ್ದರೆ ಸಾಲದು, ಏಜೆಂಟ್ ಬಾಗಿಲಿಗೆ ಬರಬೇಕು.

ದೇಶದ ಒಟ್ಟು ಲೆಕ್ಕದಲ್ಲಿ ಸುಧಾರಣೆ ಆಗಿದೆ. ಆರೋಗ್ಯ ಖರ್ಚಿನಲ್ಲಿ ಜನ ಜೇಬಿನಿಂದ ಹಾಕುವ ಪಾಲು 2013–14ರಲ್ಲಿ ಶೇ. 64.2 ಇತ್ತು. 2021–22ರಲ್ಲಿ ಶೇ. 39.4 ಅಂತ ಸರ್ಕಾರದ ರಾಷ್ಟ್ರೀಯ ಆರೋಗ್ಯ ಲೆಕ್ಕ ಹೇಳುತ್ತೆ. ಇತ್ತ ಮನೆಗಳ ನಿವ್ವಳ ಹಣಕಾಸು ಉಳಿತಾಯ 2022–23ರಲ್ಲಿ ಜಿಡಿಪಿಯ ಶೇ. 5ರ ಆಸುಪಾಸಿಗೆ ಬಂದು, ದಶಕಗಳಲ್ಲೇ ಕೆಳಮಟ್ಟ ಮುಟ್ಟಿತು. ಆಸ್ಪತ್ರೆಯ ಭಯ ಕಡಿಮೆಯಾಗಿ ಜನ ಕಡಿಮೆ ಉಳಿಸಿದರೆ ಅದು ಸಂತೋಷದ ವಿಷಯ. ತೈವಾನ್‌ನಲ್ಲಿ 1995ರಲ್ಲಿ ಎಲ್ಲರಿಗೂ ಆರೋಗ್ಯ ವಿಮೆ ಬಂದ ಮೇಲೆ ಮನೆಗಳ ಉಳಿತಾಯ ಇಳಿದದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಆದರೆ ಭಯ ಹಾಗೇ ಇದ್ದು, ಸಾಲ ಹೆಚ್ಚಾಗಿ ಉಳಿತಾಯ ಇಳಿದರೆ? ಆಗ ಆ ಡಬ್ಬಿ ಖಾಲಿಯಾಗುತ್ತಿದೆ ಅಂತ ಅರ್ಥ. ನಮ್ಮಲ್ಲಿ ಯಾವುದು ಎಷ್ಟು ನಡೆಯುತ್ತಿದೆ ಅನ್ನೋದನ್ನು ಪ್ರತಿ ಬಜೆಟ್ ದಿನವೂ ಕೇಳಬೇಕು.

ಮಾರನೇ ದಿನ ನಾನೇ ಮೇಷ್ಟ್ರಿಗೆ ಫೋನ್ ಮಾಡಿದೆ. “ಮೇಷ್ಟ್ರೇ, ಈ ಸಲ ರಿಸರ್ವ್ ಬ್ಯಾಂಕ್ ಮಾಡಿದ್ದು ತಪ್ಪಲ್ಲ. ಬೆಲೆ ಏರಿಕೆ ಶೇ. 4ಕ್ಕಿಂತ ಕೆಳಗಿದೆ, ನಿಮ್ಮ ಠೇವಣಿ 2020ರ ಹಾಗೆ ಕರಗೋದಿಲ್ಲ. ಆದರೆ ನಿಮ್ಮ ಹತ್ತು ಸಾವಿರ ಹೋಗೋದೂ ಸುಳ್ಳಲ್ಲ” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ನನಗೆ ಬಡ್ಡಿ ಜಾಸ್ತಿ ಮಾಡಿ ಅಂತ ನಾನೆಲ್ಲಿ ಕೇಳಿದೆ? ಆ ಇಂಜೆಕ್ಷನ್ನೂ ತಾಲೂಕು ಆಸ್ಪತ್ರೆಯಲ್ಲೇ ಸಿಗೋ ಹಾಗಿದ್ದರೆ ನಿಮ್ಮ ರೆಪೋ ಎಷ್ಟಾದರೂ ಆಗಲಿ, ನಾನು ಟಿವಿನೇ ಹಾಕ್ತಿರಲಿಲ್ಲ” ಅಂದರು.

ಇಷ್ಟೂ ಸಂಶೋಧನೆಯ ಸಾರ ಆ ಒಂದು ಮಾತಿನಲ್ಲಿದೆ. ಮುಂದಿನ ಸಲ ದರ ಇಳಿದಾಗ ನಮ್ಮ ಪರದೆ ಮೇಲೆ ಎರಡು ಪಟ್ಟಿ ಹಾಕಿಸಬೇಕು ಅಂತ ಹೇಳಿದ್ದೇನೆ. ಒಂದು ಸಾಲ ಮಾಡಿದವರಿಗೆ, ಇನ್ನೊಂದು ಉಳಿಸಿದವರಿಗೆ. ಎರಡನೇ ಪಟ್ಟಿಯ ಕೆಳಗೆ ಆ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಯಾವ ಔಷಧಿ ಇಲ್ಲ ಅನ್ನೋದನ್ನೂ ಬರೆಯಬೇಕು. ಟಿಆರ್‌ಪಿ ಬರುತ್ತೋ ಬಿಡುತ್ತೋ, ಲೆಕ್ಕ ಪೂರ್ತಿಯಾಗುತ್ತೆ.